ಹೆದರಿ ಅಡಗಿಕೊಂಡ ನರ

ಫ್ರೆಂಡ್ಸ್, ಡ್ಯೂಟಿ ಮುಗಿಸಿ ಪಾಂಡವಪುರದ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಕೈ ಇನ್ನೂ ನಡುಗುತ್ತಿದೆ. ಅಕ್ಷರ ತಪ್ಪಿದ್ದರೆ ಡ್ರೈವರನ್ನು ಬೈಯಬೇಡಿ.

ಇವತ್ತು ವಾರ್ಡಿನಲ್ಲಿ ಬೂಕನಕೆರೆಯ ಅಜ್ಜಿಯೊಬ್ಬರಿಗೆ ಡ್ರಿಪ್ ಹಾಕಲು ಸೂಜಿ ಹಿಡಿದಿದ್ದೆ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಬಂದು ನನ್ನ ಬೆನ್ನ ಹಿಂದೆಯೇ ನಿಂತರು. ಅವರು ಹಾಗೆ ನಿಂತರೆ ನನಗೆ ಬರುವ ಕೆಲಸವೂ ಮರೆತುಹೋಗುತ್ತದೆ. ಮೊದಲ ಸಲ ನರ ಸಿಗಲಿಲ್ಲ.

“ನಿನ್ನ ಪಾಸ್ ಮಾಡಿದ ಪುಣ್ಯಾತ್ಮ ಯಾರೇ? ಕುರಿಗೆ ಇಂಜೆಕ್ಷನ್ ಕೊಡೋಕೂ ನೀನು ಲಾಯಕ್ಕಿಲ್ಲ,” ಎಂದರು, ಇಡೀ ವಾರ್ಡಿಗೆ ಕೇಳುವಂತೆ.

ಇನ್ನೊಂದು ಸೂಜಿ ತೆಗೆದೆ. ಬೆರಳು ನಿಲ್ಲುತ್ತಲೇ ಇಲ್ಲ. ಅಜ್ಜಿ ನನ್ನ ಕೈ ನೋಡಿ, ಆಮೇಲೆ ಸಿಸ್ಟರ್ ಕಡೆ ತಿರುಗಿದರು.

“ನೀವು ವಸಿ ಅತ್ಲಾಗೋಗ್ರವ್ವ. ನೀವಿಂಗ್ ನಿಂತ್ಕಂಡ್ರೆ ನನ್ ನರನೂ ಎದ್ರಕಂಡು ಒಳೀಕ್ ಸೇರ್ಕತದೆ.”

ಪಕ್ಕದ ಬೆಡ್ಡಿನವರು ನಕ್ಕುಬಿಟ್ಟರು. ಸಿಸ್ಟರ್ ದುರುದುರು ನೋಡಿಕೊಂಡು ಹೊರಟುಹೋದರು. ಸೂಜಿ ಒಂದೇ ಸಲಕ್ಕೆ ಕೂತಿತು. ಖುಷಿಪಡಬೇಕಾದವಳು ನಾನು, ಆದರೆ ಸಿಸ್ಟರ್ ಇದನ್ನು ನನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆ ಎಂದು ಗೊತ್ತಿತ್ತು.

ಅಂದುಕೊಂಡಂತೆಯೇ ಆಯಿತು. ಹೊರಡುವಾಗ ಸಿಸ್ಟರ್ ಕರೆದು, “ಪೇಷೆಂಟ್ ಬಾಯಲ್ಲಿ ನಂಗೆ ಹೇಳಿಸ್ತೀಯಾ? ನಾಳೆ ಬಾ, ಮಾಡ್ತೀನಿ ನಿಂಗೆ,” ಎಂದರು.

ನಾಳೆ ಬೆಳಿಗ್ಗೆ ಅಜ್ಜಿಗೆ ಡಿಸ್ಚಾರ್ಜ್. ಹುಷಾರಾದ ಪೇಷೆಂಟಿಗೆ, “ಇನ್ನೊಂದೆರಡು ದಿನ ಇದ್ದು ಹೋಗಜ್ಜಿ,” ಎಂದು ಕೈ ಮುಗಿಯಬೇಕೆನಿಸಿದ ನರ್ಸ್ ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.