ಚೀಟಿ ನೋಡಬೇಡ, ಕಾಲು ನೋಡು

ಮೇಡಂ ಅವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿಹೋಗಿತ್ತು. ಇಪ್ಪತ್ತು ವರ್ಷ ಜನರ ಬೆನ್ನು ಒತ್ತಿ ಒತ್ತಿ ಹಾಗಾದದ್ದು. ಅದೇ ಬೆರಳಿನಿಂದ ನನ್ನ ಮೊಣಕೈ ತಿವಿದು, "ರೋಗೀನ ಕೇಳ್ದೆ ಮುಟ್ಟಿದ್ಯ ನೋಡು, ಫೇಲ್," ಅನ್ನುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನ ನನ್ನ ಫಿಸಿಯೋಥೆರಪಿ ಡಿಗ್ರಿ ಮೆಲ್ಬರ್ನ್‌ನಲ್ಲಿ ನಡೆಯುತ್ತಿರಲಿಲ್ಲ. ರಿಜಿಸ್ಟ್ರೇಷನ್ ಬೇಕಾದರೆ ನಿಜವಾದ ರೋಗಿಯನ್ನು ಮುಂದಿಟ್ಟುಕೊಂಡು ಕ್ಲಿನಿಕಲ್ ಪರೀಕ್ಷೆ ಪಾಸಾಗಬೇಕು. ಒಮ್ಮೆ ಡುಮ್ಕಿ ಹೊಡೆದಿದ್ದೆ. ಇನ್ನೊಮ್ಮೆ ಹೊಡೆದರೆ ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುವ ಕೆಲಸವೇ ಗತಿ.

ಮೇಡಂ ಕೂಡ ಬೆಂಗಳೂರಿನಿಂದಲೇ ಬಂದ ಫಿಸಿಯೋ. ಸಿಡ್ನಿಯಲ್ಲಿ ಮಾಸ್ಟರ್ಸ್ ಮುಗಿಸಿ, ಮೆಲ್ಬರ್ನಿನ ಆಸ್ಪತ್ರೆಯೊಂದರಲ್ಲಿ ಸೀನಿಯರ್ ಆಗಿದ್ದರು. ಭಾನುವಾರ ಅವರ ಮನೆಯ ಕಾರ್ಪೆಟ್ಟೇ ನನಗೆ ಕ್ಲಿನಿಕ್. ತಾವೇ ರೋಗಿಯಾಗಿ ಮಲಗಿ, ಆಸ್ಟ್ರೇಲಿಯನ್ ಉಚ್ಚಾರದಲ್ಲಿ ನರಳುತ್ತಿದ್ದರು. ನಗು ಬಂದರೂ ನಗುವಂತಿರಲಿಲ್ಲ. ಊರಲ್ಲಿ ಡಾಕ್ಟರ್ ಚೀಟಿಯಲ್ಲಿ ಬರೆದದ್ದನ್ನು ಮಾಡಿಸಿದರೆ ನಮ್ಮ ಕೆಲಸ ಮುಗಿಯಿತು. ಇಲ್ಲಿ ನಾವೇ ಪರೀಕ್ಷಿಸಬೇಕು, ನಾವೇ ತೀರ್ಮಾನಿಸಬೇಕು, ತಪ್ಪಾದರೆ ನಾವೇ ಹೊಣೆ. ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಅಭ್ಯಾಸಕ್ಕೆಂದು ಅವರು ಬರೆದಿಟ್ಟ ಚೀಟಿಗೇ ಹೋಗುತ್ತಿತ್ತು. "ಚೀಟಿ ನೋಡ್ಬೇಡ, ಕಾಲ್ ನೋಡು," ಎಂದು ಗದರುತ್ತಿದ್ದರು.

ಪರೀಕ್ಷೆಯ ದಿನ ಸಿಕ್ಕಿದ್ದು ಒಬ್ಬ ಮುದುಕ. ಮೊಣಕಾಲು ಆಪರೇಷನ್ ಆಗಿ ಆರು ದಿನ. ಕಾಲು ಮಡಿಸಿ, ನಡೆಸಿ ಎಂದು ಸರ್ಜನ್ ಬರೆದಿದ್ದರು. ಅನುಮತಿ ಕೇಳಿ ಮುಟ್ಟಿದೆ. ಮೀನಖಂಡ ಊದಿ ಬಿಸಿಯಾಗಿತ್ತು. ಮೆಲ್ಲಗೆ ಒತ್ತಿದ್ದಕ್ಕೇ ಮುಖ ಕಿವುಚಿದ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ? ನಡೆಸಿದರೆ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣವೇ ಹೋಗಬಹುದು. ನಡೆಸದಿದ್ದರೆ ಸರ್ಜನ್ ಮಾತು ಮೀರಿದಂತೆ, ನಾನು ಮತ್ತೆ ಫೇಲಾದಂತೆ. ಇಬ್ಬರು ಪರೀಕ್ಷಕರು ಪೆನ್ನು ಹಿಡಿದು ನಿಂತಿದ್ದರು. ಕೊನೆಗೆ ಹೊದಿಕೆ ಮುಚ್ಚಿ, ಇವತ್ತು ನಡೆಸುವುದಿಲ್ಲ, ಮೊದಲು ಡಾಕ್ಟರ್ ನೋಡಲಿ ಎಂದೆ. ಪರೀಕ್ಷಕರಲ್ಲಿ ಒಬ್ಬಾಕೆ ಏನೋ ಬರೆದುಕೊಂಡು ಹೊರಗೆ ಹೋದರು.

ಮೂರು ವಾರ ಅಂಚೆಯವನ ಮೋಟರ್‌ಬೈಕ್ ಸದ್ದು ಕೇಳಿದರೆ ಸಾಕು, ಬಾಗಿಲಿಗೆ ಓಡುತ್ತಿದ್ದೆ. ಕೊನೆಗೆ ಫಲಿತಾಂಶದ ಕಾಗದ ಬಂತು, ಪಾಸಾಗಿದ್ದೆ. ಆ ಆಸ್ಪತ್ರೆಗೆ ಫೋನ್ ಮಾಡಿದಾಗ ಮುದುಕನ ಕಾಲಲ್ಲಿ ಹೆಪ್ಪು ಸಿಕ್ಕಿತ್ತೆಂದೂ ತಿಳಿಯಿತು. ಕಾಗದ ಹಿಡಿದು ಮೇಡಂ ಮನೆಗೆ ಓಡಿದೆ. ಅವರು ಎರಡು ಸಲ ಓದಿ, ಟೇಬಲ್ ಮೇಲಿಟ್ಟು, ಯಾರಿಗೂ ಹೇಳದಿದ್ದುದನ್ನು ಹೇಳಿದರು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಹೆಂಗಸು, ಇಂಥದ್ದೇ ಊದಿದ ಕಾಲು.

"ನಂಗೆ ಅನುಮಾನ ಬಂದಿತ್ತು ಕಣಮ್ಮ. ಚೀಟೀಲಿ ಬರ್ದಿದಾರಲ್ಲ ಅಂತ ನಡೆಸ್ದೆ. ವಾರ್ಡ್ ಬಾಗಿಲ ತನಕಾನೂ ಬರ್ಲಿಲ್ಲ ಆಕೆ, ಅಲ್ಲೇ ಬಿದ್ದು ಪ್ರಾಣ ಬಿಟ್ಳು."

ಮತ್ತೆ ಹಾಗೇ ಆದೀತೆಂಬ ಭಯ ಆಮೇಲೆ ಹೋಯಿತೇ ಎಂದು ಕೇಳಿದೆ.

"ಹೋಗೋ ಹಾಗಿದ್ರೆ ಮಾಸ್ಟರ್ಸ್ ಯಾಕೆ ಓದ್ತಿದ್ದೆ?"

ಕೆಲಸ ಬದಲಿಸಿ ಮತ್ತೆ ಸಿಡ್ನಿಗೆ ಹೋಗಿದ್ದ ಮೇಡಂ ಆ ದಶಕ ಮುಗಿಯುವ ಮುನ್ನವೇ ಅಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಅವರ ಕಾರ್ಪೆಟ್ ಮೇಲೆ ಕಲಿತವರೆಲ್ಲ ಬಂದಿದ್ದರು. ಒಬ್ಬೊಬ್ಬರಾಗಿ ಎದ್ದು ಅವರ ಧೈರ್ಯವನ್ನೇ ಹೊಗಳಿದರು. ವಾರ್ಡ್ ಬಾಗಿಲ ತನಕ ಬಾರದ ಆ ಹೆಂಗಸಿನ ವಿಷಯ ನನಗೊಬ್ಬಳಿಗೇ ಗೊತ್ತಿತ್ತು. ಮರುದಿನ ಬೆಳಿಗ್ಗೆ ನನಗೆ ವಾರ್ಡ್ ಡ್ಯೂಟಿ ಇತ್ತು, ಭಯ ಆಗಲೇ ಶುರುವಾಗಿತ್ತು.