ತೊಳೆಯದ ಸ್ಪಗೆಟ್ಟಿ

ನನ್ನ ಹೆಂಡತಿ ರೋಸ್ವಿಥಾ ಬೋಖುಮ್ ಊರಿನಲ್ಲಿ ಟ್ರಾಮ್ ಓಡಿಸುತ್ತಾಳೆ. ಮನೆಯಲ್ಲಿ ನನ್ನನ್ನು ಓಡಿಸುತ್ತಾಳೆ. ಉಳಿದವರು ಇಟಾಲಿಯನ್ ಹೋಟೆಲಿಗೆ ಹೋಗುವುದು ಊಟಕ್ಕೆ. ಇವಳು ಹೋಗುವುದು ಪತ್ತೇದಾರಿಕೆಗೆ. ಕಾರ್ಮಿನೆಯ ಹೋಟೆಲಿನಲ್ಲಿ ಮೊದಲ ತುತ್ತಿಗೆ ಕಣ್ಣು ಮುಚ್ಚಿದಳೆಂದರೆ ನಾನು ಬಾಯಿ ಮುಚ್ಚಬೇಕು. ಕಣ್ಣು ತೆರೆದು, "ಬೆಣ್ಣೆ, ವೈನು, ಆಮೇಲೆ... ಹಾಂ, ನಿಂಬೆ ಸಿಪ್ಪೆ!" ಎನ್ನುತ್ತಾಳೆ. ಭಾನುವಾರ ಅದೇ ಅಡುಗೆ ನಮ್ಮ ಮೇಜಿನ ಮೇಲಿರುತ್ತದೆ. ಹೀಗೆ ಕಾರ್ಮಿನೆಯ ಅರ್ಧ ಮೆನು ನಮ್ಮ ಮನೆಗೆ ವಲಸೆ ಬಂದಿದೆ. ಸಾಕ್ಷಿ ಬೇಕಿದ್ದವರು ನನ್ನ ಹೊಟ್ಟೆ ನೋಡಬಹುದು.

ಒಂದು ಮಾತ್ರ ಬರಲೊಲ್ಲೆ ಎಂದು ಹಟ ಹಿಡಿದಿತ್ತು: ಚೀಸು, ಕಾಳುಮೆಣಸಿನ ಸ್ಪಗೆಟ್ಟಿ. ಇವಳು ಮಾಡಿದರೆ ಚೀಸು ಉಂಡೆ ಕಟ್ಟಿ ತಟ್ಟೆಯ ತಳದಲ್ಲಿ ಕೂರುತ್ತಿತ್ತು. ಸ್ಪಗೆಟ್ಟಿ, ನನಗೂ ಅದಕ್ಕೂ ಮಾತಿಲ್ಲ ಎಂಬಂತೆ ಮೇಲೆ ಮಲಗಿರುತ್ತಿತ್ತು.

ನಮ್ಮ ಅತ್ತೆ ಎಲ್ಫ್ರೀಡೆಯವರಿಗೆ ಎಂಬತ್ತು ತುಂಬುವುದಿತ್ತು. ಅವರಿಗೆ ಪ್ರಾಣವಾದದ್ದು ಅದೇ ಸ್ಪಗೆಟ್ಟಿ.

"ಈ ಸಲ ಅದನ್ನ ನಾನೇ ಮಾಡ್ತೀನಮ್ಮಾ," ಎಂದಳು ರೋಸ್ವಿಥಾ.

"ಯಾಕೆ, ಎಂಬತ್ತಕ್ಕೇ ಸಾಯ್ಲಿ ಅಂತಾನಾ? ಕಾರ್ಮಿನೆಗೆ ಟೇಬಲ್ ಹೇಳು."

"ಒಂದ್ಸಲ ನೋಡಮ್ಮಾ."

"ಆಯ್ತು. ಬ್ರೆಡ್ ತಿಂದ್ಕೊಂಡೇ ಬರ್ತೀನಿ."

ಇವಳ ಮುಖ ಕೆಂಪೇರಿತು. ಅರ್ಧ ಇಟಲಿಯನ್ನು ಗೆದ್ದವಳು ಹೆತ್ತ ತಾಯಿಯೆದುರು ಸೋಲುವುದೇ?

ಹುಟ್ಟುಹಬ್ಬದ ಹಿಂದಿನ ಶುಕ್ರವಾರ ನಾವು ಕಾರ್ಮಿನೆಯಲ್ಲಿಗೆ ಹೋದಾಗ ಅಡುಗೆಮನೆಯ ಬಾಗಿಲ ಪಕ್ಕದ, ಯಾರಿಗೂ ಬೇಡವಾದ ಟೇಬಲನ್ನೇ ಕೇಳಿ ಪಡೆದಳು. ಬಾಗಿಲು ತೆರೆದಾಗಲೆಲ್ಲ ಅವಳಿಗೆ ಒಳಗಿನ ಒಲೆ ಕಾಣುತ್ತಿತ್ತು. ನನ್ನ ಬೆನ್ನಿಗೆ ಬಾಗಿಲಿನ ಏಟು ಬೀಳುತ್ತಿತ್ತು. ಒಂದು ಏಟಿಗೆ ಇವಳು ಎದ್ದೇ ನಿಂತಳು.

"ಊವೆ! ತೊಳೀಲೇ ಇಲ್ಲ ಕಣೋ!"

ಇಡೀ ಹೋಟೆಲು ತಿರುಗಿ ಊವೆಯ, ಅಂದರೆ ನನ್ನ, ಕೈಗಳನ್ನು ನೋಡಿತು.

ಬೆಂದ ಸ್ಪಗೆಟ್ಟಿಯನ್ನು ಬಸಿದು ತಣ್ಣೀರಿನಲ್ಲಿ ತೊಳೆಯುವುದು ನಮ್ಮ ಕಡೆ ಅಜ್ಜಿಯರ ಕಾಲದಿಂದ ಬಂದ ಧರ್ಮ. ಒಳಗಿದ್ದ ಬಾಣಸಿಗನೋ ಅದನ್ನು ನೀರು ತೊಟ್ಟಿಕ್ಕುತ್ತಿದ್ದಂತೆಯೇ ಇಕ್ಕಳದಲ್ಲಿ ಎತ್ತಿ ಬಾಣಲೆಗೆ ಹಾಕಿದ್ದ. ಸಾಲದ್ದಕ್ಕೆ ಅದು ಬೆಂದ ಗಂಜಿನೀರನ್ನೂ ಒಂದು ಸೌಟು ಸುರಿದಿದ್ದ.

"ನೀವು ತೊಳೀತೀರಾ?" ಕೂಗು ಕೇಳಿ ಬಂದ ಕಾರ್ಮಿನೆ ಎದೆ ಹಿಡಿದುಕೊಂಡ. "ಯಾಕಮ್ಮಾ, ಅದೇನು ಕಾಲುಚೀಲಾನಾ? ಚೀಸನ್ನ ಹಿಡಿದಿಡೋದೇ ಆ ನೀರು!"

ಹುಟ್ಟುಹಬ್ಬದಂದು ಅತ್ತೆ ಹೇಳಿದಂತೆ ಬ್ರೆಡ್ ತಿಂದೇ ಬಂದರು. ನೆಟ್ಟಗೆ ಅಡುಗೆಮನೆಗೆ ನುಗ್ಗಿ, ತೂತಿನ ಪಾತ್ರೆಯನ್ನು ಸಿಂಕಿನಲ್ಲಿಟ್ಟು, ನಲ್ಲಿ ತಿರುಗಿಸಿ ಕಾದು ನಿಂತರು.

"ಬಸಿಯೇ, ಮುದ್ದೆಯಾಗುತ್ತೆ!"

"ನಲ್ಲಿ ನಿಲ್ಸಮ್ಮಾ."

"ನಾನು ಕಲಿಸಿದ್ದು ಇದೇನೇ? ಊವೆ, ನಿನ್ನ ಹೆಂಡ್ತಿಗೆ ಹೇಳೋ!"

ಎದುರುಬದುರಾಗಿ ಬರುವ ಎರಡು ಟ್ರಾಮ್‌ಗಳ ನಡುವೆ ನಿಲ್ಲುವಷ್ಟು ದಡ್ಡ ನಾನಲ್ಲ. ತುರಿದಿದ್ದ ಚೀಸನ್ನೇ ಮತ್ತೆ ತುರಿಯುವಂತೆ ನಟಿಸಿದೆ.

ರೋಸ್ವಿಥಾ ಸಿಂಕಿಗೆ ಬೆನ್ನು ಕೊಟ್ಟು ನಿಂತಳು. ಸ್ಪಗೆಟ್ಟಿ ನೇರ ಬಾಣಲೆಗೆ ಹೋಯಿತು. ಒಂದು ಸೌಟು ಗಂಜಿನೀರು ಬಿತ್ತು. ಒಲೆಯಿಂದ ಇಳಿಸಿ, ಚೀಸು ಉದುರಿಸುತ್ತ ಕುಲುಕಿದಳು, ಮತ್ತೆ ಕುಲುಕಿದಳು. ಉಂಡೆ ಕಟ್ಟಲಿಲ್ಲ! ಕೆನೆಯಂತಾಗಿ ಎಳೆ ಎಳೆಗೂ ಹತ್ತಿಕೊಂಡಿತು.

ಅತ್ತೆ ಮಾತಿಲ್ಲದೆ ತಿಂದರು. ಅವರು ಮಾತಿಲ್ಲದೆ ಮಾಡಿದ ಬೇರೆ ಯಾವ ಕೆಲಸವೂ ನನಗೆ ನೆನಪಿಲ್ಲ. ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ಹೇಳಿದರು:

"ತಿನ್ಬಹುದು."

ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮದುವೆಯ ದಿನ ನನ್ನನ್ನು ನೋಡಿಯೂ ಅತ್ತೆ ಇಷ್ಟು ಉದಾರವಾಗಿ ಮಾತಾಡಿರಲಿಲ್ಲ. ರೋಸ್ವಿಥಾ ಸೌಟಿನಿಂದ ಬಾಣಲೆಯನ್ನು ಟ್ರಾಮಿನ ಗಂಟೆಯಂತೆ ಬಾರಿಸುತ್ತ ಮೇಜಿಗೆ ಒಂದು ಸುತ್ತು ಬಂದಳು.

ಅತ್ತೆ ಖಾಲಿ ತಟ್ಟೆ ಚಾಚಿದರು. "ಬಾರಿಸಿದ್ದು ಸಾಕು. ಅದರಲ್ಲಿ ಇನ್ನೂ ಇದ್ಯಾ?"