ನಮ್ಮ ಬಾವಿಯ ಸೀಸೆ

ಕೊಟ್ಟಾರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮನಿಪ್ಲಾಂಟ್ ಇಟ್ಟ ಬಾಟಲಿಯ ನೀರು ಒಂದೇ ವಾರದಲ್ಲಿ ಹಸಿರಾಗಿದೆ. ನೋಡಿದವರು ಚಂದ ಉಂಟು ಅನ್ನುತ್ತಾರೆ. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಪಾಚಿಗೆ ಹೆದರುವ ಹೆಂಗಸು ಎಂದು ನೀವು ನಗಬಹುದು. ನಗಿ, ನಾನು ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಬೇರೆ ಮಾಡಿದವಳು.

ಆ ಎಂಎಸ್ಸಿಯ ಕಾಲಕ್ಕೆ ನಾವು ಬಿಜೈಯಲ್ಲಿದ್ದೆವು. ಹಿತ್ತಲಿನ ಬಾವಿಯ ಮೇಲೆ ಅಪ್ಪನಿಗೆ ಮಕ್ಕಳ ಮೇಲಿದ್ದುದಕ್ಕಿಂತ ಹೆಚ್ಚು ಅಭಿಮಾನ. ಮದುವೆಮನೆಗೆ ಹೋಗುವಾಗಲೂ ಒಂದು ಬಾಟಲಿ ಬಾವಿ ನೀರು ಹಿಡಿದುಕೊಂಡೇ ಹೊರಡುತ್ತಿದ್ದರು. ಆ ವರ್ಷ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಎದೆಹಾಲು ಸಾಲದೆ ಎರಡು ತಿಂಗಳ ಮಗುವಿಗೆ ಪುಡಿಹಾಲು ಶುರುವಾಗಿತ್ತು. ಅದನ್ನು ಕಲಸುವ ನೀರನ್ನು ಅಮ್ಮ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಪಾತ್ರೆಯ ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಮುಚ್ಚಿಡುತ್ತಿದ್ದಳು.

ನನ್ನ ಪ್ರಾಜೆಕ್ಟ್ ಪಾಚಿಯದ್ದು. ಬೇರೆ ಬೇರೆ ನೀರನ್ನು ಸೀಸೆಗಳಲ್ಲಿ ತುಂಬಿಸಿ, ಒಂದೊಂದಕ್ಕೂ ಅಷ್ಟಷ್ಟೇ ಹಸಿರು ಪಾಚಿ ಬಿಟ್ಟು, ಕಿಟಕಿಯ ಬೆಳಕಿನಲ್ಲಿಟ್ಟು, ಯಾವುದರಲ್ಲಿ ಎಷ್ಟು ಬೆಳೆಯುತ್ತದೆಂದು ನೋಡುವುದು. ನಲ್ಲಿಯದ್ದು ಒಂದು, ಚರಂಡಿಯದ್ದು ಒಂದು, ಹೋಲಿಸಲು ಶುದ್ಧ ನೀರು ಬೇಕೆಂದು ನಮ್ಮ ಬಾವಿಯದ್ದು ಒಂದು. ನಾನೂ ಅಪ್ಪನ ಮಗಳೇ ತಾನೆ.

ಹತ್ತನೆಯ ದಿನ ನೋಡಿದರೆ ಚರಂಡಿ ನೀರಿನ ಪಾಚಿ ಬಿಳುಚಿ ತಳ ಸೇರಿತ್ತು. ಬ್ಲೀಚಿಂಗ್ ಪೌಡರೋ ಇನ್ನೇನೋ ಅದನ್ನು ಕೊಂದಿರಬೇಕು. ನಲ್ಲಿಯದ್ದರಲ್ಲಿ ತೆಳು ಹಸಿರು. ನಮ್ಮ ಬಾವಿಯದ್ದು ಮಾತ್ರ ಬಸಳೆ ಎಲೆ ಅರೆದು ಹಾಕಿದ ಹಾಗೆ ದಟ್ಟ. ಜೀವಕ್ಕೆ ಒಗ್ಗುವ ನೀರೆಂದು ಲ್ಯಾಬಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ನಮಗೆ ಕಲಿಸುವ ಮೇಡಂ ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬಾವಿಯ ಹತ್ತಿರ ಏನಿದೆ ಎಂದು ವಿಚಾರಿಸಿದರು. ಗೋಡೆಯಾಚೆ ಹೊಸ ಕಟ್ಟಡದ ಶೌಚದ ಗುಂಡಿ ಇದೆ ಎಂದೆ. ಹಾಗಾದರೆ ಈ ಪಾಚಿಗೆ ಗೊಬ್ಬರ ಸಿಕ್ಕಿದೆ, ನೀರಿನಲ್ಲಿ ನೈಟ್ರೇಟ್ ಸೇರಿರಬೇಕು ಎಂದರು. ದೊಡ್ಡವರಿಗೆ ಬೇಗ ಗೊತ್ತಾಗುವುದಿಲ್ಲವಂತೆ. ಎಳೆಗೂಸಿನ ರಕ್ತ ಮಾತ್ರ ಆಮ್ಲಜನಕ ಹೊರಲಾರದೆ ಮೈ ನೀಲಿಯಾಗುತ್ತದಂತೆ.

"ಮನೆಯಲ್ಲಿ ಸಣ್ಣ ಮಗು ಉಂಟಾ?" ಎಂದು ಕೇಳಿದರು.

"ಕುದಿಸಿಯೇ ಕೊಡ್ತೇವೆ ಮೇಡಂ."

"ಸಾರು ಕುದಿಸಿದರೆ ಉಪ್ಪು ಹೋಗ್ತದಾ ಮಾರಾಯ್ತಿ? ನೀರು ಇಳಿದಷ್ಟೂ ಹೆಚ್ಚಾಗ್ತದೆ. ನೀನು ಮೊದಲು ಮನೆಗೆ ಹೋಗು."

ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ. ಅಷ್ಟು ಹೆದರಿಕೆ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ. ಮನೆಯಲ್ಲಿ ಮಗು ತೊಟ್ಟಿಲಲ್ಲಿ ನಿದ್ದೆ ಹೋಗಿತ್ತು. ಎರಡು ದಿನದಿಂದ ಹಟವೇ ಇಲ್ಲ, ಎಷ್ಟು ಪಾಪದ ಮಗು ಎಂದು ಅಕ್ಕ ಖುಷಿಯಲ್ಲಿ ಹೇಳಿದಳು. ಕಿಟಕಿ ತೆರೆದು ನೋಡಿದೆ. ತುಟಿಯ ಸುತ್ತ ಬೂದು ಬಣ್ಣ. ನೆರಳಿರಬೇಕೆಂದುಕೊಂಡು ಸರಿದು ನಿಂತೆ. ಬಣ್ಣ ಸರಿಯಲಿಲ್ಲ.

ಮಗು ಉಳಿಯಿತು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಅಪ್ಪ ಬಾವಿಗೆ ಸಿಮೆಂಟಿನ ಮುಚ್ಚಳ ಹಾಕಿಸಿದರು, ಮತ್ತೆ ಅದರ ಸುದ್ದಿ ಎತ್ತಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು: "ಅರ್ಧ ಆಗುವವರೆಗೆ ಕುದಿಸಿದ್ದು ನಾನೇ ಅಲ್ವಾ?"

ನಿನ್ನ ತಪ್ಪಲ್ಲ ಎಂದು ನಾನು ಹೇಳಬೇಕಿತ್ತು.

ಆ ಮಗು ಈಗ ಕಾಲೇಜಿಗೆ ಹೋಗುತ್ತಾಳೆ. ಅಮ್ಮ ನನ್ನ ಜೊತೆಗಿದ್ದಾಳೆ. ಮನೆಗೆ ಬಂದ ಮಕ್ಕಳಿಗೆ ತಿಂಡಿ ಕೊಡುತ್ತಾಳೆ, ನೀರು ಕೊಡುವುದಿಲ್ಲ. ವಯಸ್ಸಾದವರ ಉದಾಸೀನವೆಂದು ನಾನು ಗೊಣಗಿದ್ದೂ ಉಂಟು. ಮೊನ್ನೆ ಎದುರು ಫ್ಲ್ಯಾಟಿನ ಪುಟ್ಟ ಹುಡುಗಿ ಬಂದು ಅಜ್ಜೀ ನೀರು ಎಂದಳು. ಅಮ್ಮ ಫಿಲ್ಟರಿನಿಂದ ಲೋಟ ತುಂಬಿಸಿ ಬಾಗಿಲವರೆಗೆ ಹೋದವಳು, ತಿರುಗಿ ಬಂದು ಅದನ್ನು ನನ್ನ ಕೈಯಲ್ಲಿಟ್ಟಳು.

"ನೀನೇ ಕೊಡು," ಎಂದಳು.

ಕೊಟ್ಟೆ. ಆ ಹುಡುಗಿ ಕುಡಿದು ಬಾಯಿ ಒರೆಸಿಕೊಳ್ಳುವವರೆಗೆ ನಾವಿಬ್ಬರೂ ಅವಳ ತುಟಿಯನ್ನೇ ನೋಡುತ್ತಾ ನಿಂತೆವು.